ಸೇರಬೇಕೋ ಬೇಡವೋ ಎಂದು ಕೇಳಿಸಿಕೊಂಡ ವರ್ಷಗಳು

ಕಳೆದ ತಿಂಗಳು ಸಿಡ್ನಿಯ ಕ್ವೇಕರ್ಸ್ ಹಿಲ್‌ನ ನಮ್ಮ ಬೀದಿಯ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ಸರ್ಕಾರದ ವ್ಯಾಪಾರ ಇಲಾಖೆಯಲ್ಲಿ ಅವಳಿಗೆ ಹೊಸದಾಗಿ ಕೆಲಸ ಸಿಕ್ಕಿದೆ. "ಆಂಟಿ, ನೀವೂ ಪಾಲಿಸಿ ಕೆಲಸಾನೇ ಮಾಡಿದ್ದಂತೆ. ಎಕ್ಸೈಟಿಂಗ್ ಆಗಿರತ್ತಾ?" ಎಂದು ಕೇಳಿದಳು. "ಸುಸ್ತಾಗತ್ತೆ ಕಣಮ್ಮ" ಎಂದೆ. ಅವಳು ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ. ಟೀ ಕುಡಿದು ಮುಗಿಯುವಷ್ಟರಲ್ಲಿ ಹೇಳಲಾಗದ ಸಂಗತಿಗಳಿದ್ದವು. ಅವನ್ನು ಅವಳಿಗಾಗಿ, ಅವಳಂಥವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನೆರೆಯ ಏಷ್ಯಾ ದೇಶಗಳು ತಮ್ಮೊಳಗೆ ಕಟ್ಟಿಕೊಳ್ಳುತ್ತಿದ್ದ ಆರ್ಥಿಕ ಒಕ್ಕೂಟಕ್ಕೆ ಆಸ್ಟ್ರೇಲಿಯಾ ಸೇರಬೇಕೋ ಬೇಡವೋ ಎಂಬ ಚರ್ಚೆ ಎಂಬತ್ತರ ದಶಕದ ಕೊನೆಯಿಂದ ತೊಂಬತ್ತರ ಕೊನೆಯವರೆಗೂ ನಡೆಯಿತು. ಆ ಪ್ರಶ್ನೆಯನ್ನು ವಿಚಾರಿಸಲು ಒಂದಾದ ಮೇಲೊಂದು ಸಮಿತಿ ನೇಮಕವಾಯಿತು. ಎಲ್ಲ ಸಮಿತಿಗಳಿಗೂ ನಾನೇ ಹಿಯರಿಂಗ್ ಸೆಕ್ರೆಟರಿ. ಹೆಸರು ದೊಡ್ಡದು, ಕೆಲಸ ಇಷ್ಟೇ: ಹೇಳಿಕೆ ಕೊಡಲು ಬರುವವರನ್ನು ಕರೆಸುವುದು, ಮೈಕಿನ ಮುಂದೆ ಕೂರಿಸಿ ನೀರಿಡುವುದು, ಅವರು ಆಡಿದ್ದನ್ನೆಲ್ಲ ಬರಹಕ್ಕಿಳಿಸಿ ಅಚ್ಚಿಗೆ ಕಳಿಸುವುದು. ಅಭಿಪ್ರಾಯ ಕೊಡುವವರು ಬೇರೆ, ತೀರ್ಮಾನ ಮಾಡುವವರು ಬೇರೆ. ನಾನು ಕೇಳಿಸಿಕೊಳ್ಳುವವಳು.

ಆಗ ನಮ್ಮ ಕಛೇರಿ ಇದ್ದದ್ದು ಮೆಲ್ಬರ್ನಿನಲ್ಲಿ. ಅಲ್ಲಿಗೆ ಬರುವ ಮೊದಲು ಮೈಸೂರಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಹೇಳುತ್ತಿದ್ದೆ. ನನ್ನ ಗಂಡ ಸುಧಾಕರ ಉಡುಪಿಯ ಕಡೆಯವರು, ಜವಳಿ ಯಂತ್ರಗಳ ಇಂಜಿನಿಯರ್. ಅವರಿಗೆ ಮೆಲ್ಬರ್ನಿನ ಬ್ರನ್ಸ್‌ವಿಕ್ ಬಡಾವಣೆಯ ಒಂದು ಕಾಲುಚೀಲದ ಮಿಲ್ಲಿನಲ್ಲಿ ಹೆಣಿಗೆ ಮೆಷಿನ್ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಮಾಲೀಕನ ಹೆಸರು ಲೆನ್. ಇಲ್ಲಿ ಮಾಲೀಕರನ್ನೂ ಹೆಸರು ಹಿಡಿದೇ ಕರೆಯಬೇಕು. ಅದು ಬಾಯಿಗೆ ಬರಲು ಸುಧಾಕರರಿಗೆ ವರ್ಷ ಹಿಡಿಯಿತು.

ನನ್ನ ಮೇಲಧಿಕಾರಿ ಗ್ರೇಹಾಮ್. ಎತ್ತರದ ಆಳು, ಮೊಣಕೈ ಸವೆದ ಸ್ವೆಟರು, ಮೆಲುದನಿ. ಈ ದೇಶದ ಭವಿಷ್ಯ ಉತ್ತರದ ನೆರೆಹೊರೆಯಲ್ಲೇ ಇದೆ ಎಂದು ಆತ ನಂಬಿದ್ದ, ಆದರೆ ಕಛೇರಿಯಲ್ಲಿ ಒಮ್ಮೆಯೂ ಆ ಮಾತು ಆಡುತ್ತಿರಲಿಲ್ಲ. ಮೊದಲ ವಾರ ನನಗೆ ಹೇಳಿಕೊಟ್ಟದ್ದು ಒಂದೇ: "ವಿಜಯಾ, ಬಂದವರ ವ್ಯಾಕರಣ ಬೇಕಾದರೆ ತಿದ್ದು. ಸಿಟ್ಟು ತಿದ್ದಬೇಡ."

ಆಗೆಲ್ಲ ಕ್ಯಾಸೆಟ್ಟಿನ ಕಾಲ. ಒಂದು ಕೈಕೊಟ್ಟರೆ ಇರಲಿ ಎಂದು ಎರಡು ಯಂತ್ರಗಳನ್ನು ಒಟ್ಟಿಗೆ ಓಡಿಸುತ್ತಿದ್ದೆವು. ಕಿಟಕಿಯಾಚೆ ಟ್ರಾಮ್ ಹೋದರೆ ಹೇಳಿಕೆಯ ಅರ್ಧ ವಾಕ್ಯ ಅದರ ಗಂಟೆಯಲ್ಲಿ ಮುಳುಗಿಹೋಗುತ್ತಿತ್ತು. ಟೈಪ್ ಮಾಡುವ ಹೆಂಗಸರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಾಲಿನಿಂದ ಪೆಡಲ್ ಒತ್ತಿ ಹಿಂದಕ್ಕೆ ಮುಂದಕ್ಕೆ ಓಡಿಸಿ ಕೇಳುತ್ತಿದ್ದರು. ಆಮೇಲೆ ಕಂಪ್ಯೂಟರ್ ಬಂತು, ಇಮೇಲ್ ಬಂತು. ಕೆಲಸ ಬೇಗ ಮುಗಿಯಲು ಶುರುವಾಯಿತು. ಬೇಗ ಮುಗಿಯುತ್ತದೆಂದು ಇನ್ನಷ್ಟು ಜನರನ್ನು ಕರೆಸಲು ಶುರುಮಾಡಿದರು.

ಬಂದವರು ಒಬ್ಬರೇ ಇಬ್ಬರೇ. ಉಣ್ಣೆ ಮಾರುವವರು ಸೇರಿ ಎಂದರು. ಬಟ್ಟೆ, ಚಪ್ಪಲಿ ಮಾಡುವವರು ಬೇಡ ಎಂದರು. ಪ್ರೊಫೆಸರುಗಳು ಎರಡನ್ನೂ ಹೇಳಿ ಊಟಕ್ಕೆ ಎದ್ದರು. ಒಮ್ಮೆ ಒಬ್ಬ ಮುದುಕ ಮೇಜು ಕುಟ್ಟಿ, "ಅವರೇ ಬೇರೆ, ನಾವೇ ಬೇರೆ. ಅವರ ಜೊತೆ ನಮಗೆ ಯಾವ ಮನೆವಾಳ್ತೆ?" ಎಂದು ಕೂಗಾಡಿದ. ಅಷ್ಟರಲ್ಲಿ ಮೂಲೆಯಲ್ಲಿ ಬರೆಯುತ್ತ ಕೂತಿದ್ದ ನಾನು ಕಣ್ಣಿಗೆ ಬಿದ್ದೆ. ದನಿ ತಗ್ಗಿಸಿ, "ನಿನಗೆ ಹೇಳಿದ್ದಲ್ಲಮ್ಮ" ಎಂದ. ಇಡೀ ಕೋಣೆ ಕುರ್ಚಿಯಲ್ಲಿ ಮಿಸುಕಾಡಿತು. ಆ ಕೊನೆಯ ವಾಕ್ಯವನ್ನು ದಾಖಲೆಯಿಂದ ಬಿಟ್ಟುಬಿಡಲೇ ಎಂದು ಗ್ರೇಹಾಮ್‌ನನ್ನು ಕೇಳಿದೆ. "ಹೇಳಿದನಲ್ಲ? ಹಾಕು" ಎಂದ. ಹಾಕಿದೆ. ಈಗಲೂ ಅದು ಅಲ್ಲೆಲ್ಲೋ ಅಚ್ಚಾಗಿ ಕೂತಿದೆ.

ನನ್ನ ಗಂಡ ಕೆಲಸ ಮಾಡುವ ಮಿಲ್ಲಿಗೂ ಸಮಿತಿಯ ಪ್ರಶ್ನೆಗೂ ನೇರ ಸಂಬಂಧವಿತ್ತು. ಒಕ್ಕೂಟ ಸೇರಿದರೆ ಆಮದು ಸುಂಕ ಹೋಗುತ್ತದೆ, ಸುಂಕ ಹೋದರೆ ಅಗ್ಗದ ಕಾಲುಚೀಲ ಬಂದು ಬೀಳುತ್ತದೆ. ಕೆಲಸಕ್ಕೆ ಸೇರುವಾಗಲೇ ಇದನ್ನು ಗ್ರೇಹಾಮ್‌ಗೆ ತಿಳಿಸಿದ್ದೆ. ನೀನು ವರದಿ ಬರೆಯುವವಳಲ್ಲವಲ್ಲ, ತೊಂದರೆಯಿಲ್ಲ ಎಂದಿದ್ದ. ತೊಂದರೆ ಲೆನ್ ರೂಪದಲ್ಲಿ ಬಂತು.

ಲೆನ್ ಹೇಳಿಕೆ ಕೊಡಲು ಬಂದವನು ಎರಡು ಜೊತೆ ಕಾಲುಚೀಲ ತಂದು ಸಮಿತಿಯ ಮೇಜಿನ ಮೇಲಿಟ್ಟ. "ಒಂದು ನನ್ನ ಮಿಲ್ಲಿಂದು. ಇನ್ನೊಂದು ಹೊರಗಿಂದ ಬಂದದ್ದು. ಮುಟ್ಟಿ ನೋಡಿ, ಯಾವುದು ಯಾವುದು ಹೇಳಿ." ಸೂಟು ಹಾಕಿದ ಮೂವರು ಸದಸ್ಯರು ಗಂಭೀರವಾಗಿ ಕಾಲುಚೀಲ ಹಿಸುಕಿದರು, ಹಿಗ್ಗಿಸಿದರು. ಮೂವರೂ ಹೊರಗಿನದನ್ನೇ ಇಲ್ಲಿಯದು ಎಂದರು. ಲೆನ್‌ನ ಮುಖ ಕೆಂಪಾಯಿತು. ಅವನು ನಿರೀಕ್ಷಿಸಿದ್ದು ಅದನ್ನಲ್ಲ. ಸುತ್ತ ನೋಡಿದವನು ನನ್ನ ಕಡೆ ಕೈ ತೋರಿಸಿದ.

"ಅಲ್ಲಿ ಬರೀತಾ ಕೂತಿರೋ ಲೇಡಿಯನ್ನು ಕೇಳಿ. ಅವಳ ಗಂಡ ನನ್ನ ಮಿಲ್ಲಿನ ಇಂಜಿನಿಯರ್. ಸುಂಕ ಹೋದರೆ ಅವಳ ಮನೇಲಿ ಏನಾಗತ್ತೆ ಅಂತ ಅವಳೇ ಹೇಳಲಿ."

ಎಲ್ಲರೂ ನನ್ನ ಕಡೆ ತಿರುಗಿದರು. ಗ್ರೇಹಾಮ್ ಎದ್ದು ನಿಂತು, "ಆ ವಿಷಯ ನಮಗೆ ಮೊದಲೇ ಗೊತ್ತಿದೆ. ಇಲ್ಲಿ ಹೇಳಿಕೆ ಕೊಡಲು ಬಂದಿರುವುದು ನೀವು, ಆಕೆಯಲ್ಲ" ಎಂದ. ನಾನು ಬರೆಯುತ್ತ ಹೋದೆ. ಆಮೇಲೆ ನೋಡಿದರೆ ಆ ಪುಟದಲ್ಲಿ ನನ್ನ ಅಕ್ಷರ ನನಗೇ ಓದಲು ಬರಲಿಲ್ಲ. ಕ್ಯಾಸೆಟ್ ಇದ್ದದ್ದು ಪುಣ್ಯ.

ಸಂಜೆ ಸುಧಾಕರರಿಗೆ ಹೇಳಿದೆ. ಅವರಿಗೆ ಮಿಲ್ಲಿನಲ್ಲೇ ಸುದ್ದಿ ತಲುಪಿತ್ತು.

"ಲೆನ್ ಹಾಗೆ ಮಾಡಬಾರದಿತ್ತು. ಆದರೆ ಮಾರಾಯ್ತಿ, ಅವರು ಕೇಳಿದ್ದರೆ ನೀನು ಎಂತ ಹೇಳ್ತಿದ್ದೆ?"

"ಅವರು ಕೇಳಲಿಲ್ಲವಲ್ರೀ."

"ಕೇಳಿದ್ದರೆ ಅಂತ ಹೇಳುದು ನಾನು."

ಮೈಸೂರಿನಲ್ಲಿ ಮುಕ್ತ ವ್ಯಾಪಾರದ ಲಾಭಗಳನ್ನು ಬೋರ್ಡಿನ ಮೇಲೆ ಗೆರೆ ಎಳೆದು ವಿವರಿಸುತ್ತಿದ್ದವಳು ನಾನು. ಆ ಗೆರೆಗಳ ಕೆಳಗೆ ಯಾರ ಅಡುಗೆಮನೆಯೂ ಇರಲಿಲ್ಲ. ಅವರಿಗೆ ಇನ್ನೊಂದು ಚಪಾತಿ ಬಡಿಸಿದೆ.

ಆ ಸಮಿತಿ ಕೊನೆಗೆ "ವಿಷಯ ಹೆಚ್ಚಿನ ಅಧ್ಯಯನಕ್ಕೆ ಅರ್ಹ" ಎಂದು ಬರೆದು ಎದ್ದುಹೋಯಿತು. ಹೊಸದಾಗಿ ಕೆಲಸಕ್ಕೆ ಸೇರುವವರು ತಿಳಿದಿರಬೇಕಾದದ್ದು ಇದು: ನೀವು ಒಂದು ಪ್ರಶ್ನೆಯ ಮುಂದೆ ವರ್ಷಗಟ್ಟಲೆ ಕೂತಿರುವಾಗ ಪಕ್ಕದ ಕೋಣೆಯಲ್ಲಿ ಇನ್ಯಾರೋ ಅದನ್ನು ತೀರ್ಮಾನಿಸಿಬಿಟ್ಟಿರುತ್ತಾರೆ. ಒಕ್ಕೂಟದ ಗೊಡವೆಯೇ ಇಲ್ಲದೆ ಸರ್ಕಾರ ತಾನಾಗಿ ಸುಂಕ ಇಳಿಸುತ್ತ ಬಂತು. ಅದರ ಬೆನ್ನಿಗೇ ರಿಸೆಷನ್. ಮೆಲ್ಬರ್ನಿನ ಉತ್ತರದ ಸಬರ್ಬ್‌ಗಳಲ್ಲಿ ಒಂದೊಂದೇ ಮಿಲ್ಲು ಮುಚ್ಚಿತು. ಲೆನ್ ತನ್ನ ಹೆಣಿಗೆ ಮೆಷಿನ್‌ಗಳನ್ನೆಲ್ಲ ಇಂಡೊನೇಷ್ಯಾದ ಬಾಂಡುಂಗ್ ಊರಿನ ಒಂದು ಮಿಲ್ಲಿಗೆ ಮಾರಿದ. ಕೊಂಡವರಿಗೆ ಅವನ್ನು ಜೋಡಿಸಿ ನಡೆಸಿಕೊಡುವವರು ಬೇಕಿದ್ದರು.

ಸುಧಾಕರ ಕೆಲವು ತಿಂಗಳು ಇಲ್ಲೇ ಹುಡುಕಿದರು. ಎಲ್ಲೂ ಕರೆಯಲಿಲ್ಲ. ಒಂದು ದಿನ ಅಡುಗೆಮನೆಗೆ ಬಂದು ನಿಂತರು.

"ಮೆಷಿನ್ ಒಟ್ಟಿಗೆ ನಾನೂ ಹೋಗ್ತೇನೆ, ವಿಜಯಾ. ಅಲ್ಲಿ ಕೆಲಸ ಉಂಟು."

"ಎಷ್ಟು ದಿನ?"

"ಆರು ತಿಂಗಳು ಅಂತ ಹೇಳ್ತಾರೆ."

"ನನ್ನ ಕೆಲಸ ಬಿಡ್ಲಾ?"

"ನೀನೂ ಬಿಟ್ಟರೆ ಮನೆಯ ಮಾರ್ಟ್‌ಗೇಜ್ ಯಾರು ಕಟ್ಟುದು?"

ಆಗ ನಮ್ಮ ಮಗಳು ಸ್ಮಿತಾ ಪ್ರೈಮರಿ ಶಾಲೆಯಲ್ಲಿದ್ದಳು. ನಮ್ಮ ಕನ್ನಡಕ್ಕೆ ಅವಳು ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದದ್ದು. "ಈಸ್ ಡ್ಯಾಡ್ ಗೋಯಿಂಗ್ ಟು ಏಷ್ಯಾ?" ಎಂದಳು. ಹೌದು ಎಂದೆ. "ಬಟ್ ವಿ ಕೇಮ್ ಫ್ರಮ್ ದೇರ್!" ಎಂದಳು. ಹೌದು ಎಂದೆ.

ಆರು ತಿಂಗಳು ಎಂದದ್ದು ವರ್ಷಗಳಾಯಿತು. ಅವರು ರಜೆಗೆ ಬರುವುದು, ಹೋಗುವುದು. ಅಷ್ಟರಲ್ಲಿ ಗ್ರೇಹಾಮ್‌ನನ್ನೂ ಸೇರಿಸಿ ನಮ್ಮ ಕಛೇರಿಯನ್ನು ಸಿಡ್ನಿಗೆ ವರ್ಗಾಯಿಸಿದರು. ಮೆಲ್ಬರ್ನಿನ ಮನೆ ಮಾರಿ ನಾನೂ ಸ್ಮಿತಾಳೂ ಅಲ್ಲಿನ ಎಪ್ಪಿಂಗ್‌ನಲ್ಲಿ ಒಂದು ಯೂನಿಟ್, ಅಂದರೆ ಚಿಕ್ಕ ಫ್ಲಾಟ್, ರೆಂಟ್‌ಗೆ ಹಿಡಿದೆವು. ಬೆಳಿಗ್ಗೆ ಟ್ರೈನು ಹಿಡಿದು ನಾರ್ತ್ ಸಿಡ್ನಿಗೆ ಹೋಗಿ, ದೇಶ ಏಷ್ಯಾಕ್ಕೆ ಹತ್ತಿರವಾಗಬೇಕೋ ಬೇಡವೋ ಎಂಬ ವಾದ ಕೇಳಿಸಿಕೊಂಡು, ಸಂಜೆ ಬಂದು ಏಷ್ಯಾದಲ್ಲಿದ್ದ ಗಂಡನ ಫೋನಿಗೆ ಕಾಯುತ್ತಿದ್ದೆ.

ಸಿಡ್ನಿಯಲ್ಲಿ ಸಮಿತಿ ಹೊಸದು, ಅಧ್ಯಕ್ಷರು ಹೊಸಬರು. ಕನ್ಸಲ್ಟೆಂಟ್‌ಗಳು ಬಂದು ಪರದೆಯ ಮೇಲಿನ ನಕ್ಷೆಯಲ್ಲಿ ಬಣ್ಣದ ಬಾಣಗಳನ್ನು ತೋರಿಸಲು ಶುರುಮಾಡಿದ್ದರು. ಬಾಣಗಳೆಲ್ಲ ನಮ್ಮಿಂದ ಮೇಲಕ್ಕೆ ಹೋಗುತ್ತಿದ್ದವು.

ಒಮ್ಮೆ ಇಂಡೊನೇಷ್ಯಾದ ವ್ಯಾಪಾರ ನಿಯೋಗವೊಂದು ಬರುವುದಿತ್ತು. ಅಧ್ಯಕ್ಷರು ನನ್ನನ್ನು ಕರೆದು, "ವಿಜಯಾ, ಊಟದ ಜವಾಬ್ದಾರಿ ನಿನ್ನದು. ಅವರು ಏನು ತಿನ್ನುತ್ತಾರೆ ಅಂತ ನಿನಗೇ ಗೊತ್ತಿರುತ್ತದೆ" ಎಂದರು. ಮೈಸೂರಿನ ಸಸ್ಯಾಹಾರಿ ಮನೆಯವಳಿಗೆ ಇಂಡೊನೇಷ್ಯಾದವರ ಊಟ ಹೇಗೆ ಗೊತ್ತಿರಬೇಕು? ಯಾವ ಮಾಂಸ ನಡೆಯುತ್ತದೋ ಯಾವುದು ನಡೆಯದೋ ಎಂದು ಹೆದರಿ ಸೊಪ್ಪು, ಸೌತೆಕಾಯಿ, ಚೀಸ್ ಸ್ಯಾಂಡ್‌ವಿಚ್‌ಗಳನ್ನೇ ತರಿಸಿದೆ. ನಿಯೋಗದ ಹಿರಿಯರು ಸಂತೋಸೊ ಎಂಬುವರು. ತಟ್ಟೆ ಹಿಡಿದು ಮೇಜಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದು ನನ್ನ ಹತ್ತಿರ ನಿಂತು ಪಿಸುಗುಟ್ಟಿದರು: "ಮೇಡಂ, ಇವತ್ತು ಆಸ್ಟ್ರೇಲಿಯಾದಲ್ಲಿ ಉಪವಾಸವೇ?"

ನಾಚಿಕೆಯಿಂದ ನಡೆದದ್ದು ಹೇಳಿದೆ. ಅವರು ತಟ್ಟೆ ಅಲುಗಾಡುವಷ್ಟು ನಕ್ಕರು. ನನ್ನ ಗಂಡ ಬಾಂಡುಂಗ್‌ನಲ್ಲಿದ್ದಾರೆ ಎಂದು ತಿಳಿದಾಗ ನಗು ನಿಂತಿತು. ಯಾವ ಮಿಲ್ಲು, ಯಾವ ಬೀದಿ ಎಂದು ಕೇಳಿ ತಿಳಿದುಕೊಂಡರು. ಆಮೇಲೆ ಪ್ರತಿ ಹೊಸ ವರ್ಷಕ್ಕೂ ಗ್ರೇಹಾಮ್‌ಗೆ ಬರುತ್ತಿದ್ದ ಅವರ ಕಾರ್ಡಿನಲ್ಲಿ ನನಗೂ ಒಂದು ಸಾಲು ಇರುತ್ತಿತ್ತು.

ಆ ನಿಯೋಗ ಬಂದುಹೋದ ಮರುವರ್ಷ ಗ್ರೇಹಾಮ್ ಉತ್ತರದ ಒಂದು ರಾಜಧಾನಿಗೆ ಸಭೆಗೆ ಹೋಗಿ ಬಂದ. ಪೆಸಿಫಿಕ್ ಸುತ್ತಲಿನ ಎಲ್ಲ ದೇಶಗಳ ದೊಡ್ಡ ವೇದಿಕೆಯಲ್ಲಿ ನಮಗೆ ಜಾಗವಿತ್ತು. ಆದರೆ ಏಷ್ಯಾದವರು ತಾವು ತಾವೇ ಕೂರುವ ಒಳಸಭೆಗೆ ನಮ್ಮನ್ನು ಕರೆಯಲಿಲ್ಲ. ಇವನು ಹೊರಗೆ ಹಜಾರದ ಸೋಫಾದಲ್ಲಿ ಕೂತು ಬಂದಿದ್ದ.

"ಹೇಗಿತ್ತು?" ಎಂದೆ.

"ತುಂಬಾ ಮರ್ಯಾದೆಯಾಗಿ ನಡೆಸಿಕೊಂಡರು. ಮೂರು ಸಲ ಕಾಫಿ ಕೊಟ್ಟರು" ಎಂದು ಕೋಟು ಕಳಚಿ ನೇತುಹಾಕಿದ. "ಸೇರಬೇಕೋ ಬೇಡವೋ ಅಂತ ನಾವು ಇಷ್ಟು ವರ್ಷ ಜಗಳ ಆಡಿದೆವಲ್ಲ ವಿಜಯಾ, ಬನ್ನಿ ಅಂತ ಅವರು ಯಾವತ್ತು ಹೇಳಿದ್ದರು?" ಅದಾದ ಮೇಲೂ ಹಿಯರಿಂಗ್ ನಿಲ್ಲಲಿಲ್ಲ. ನಿಲ್ಲಿಸಲು ಇನ್ನೊಂದು ಆದೇಶ ಬೇಕಿತ್ತು. ಅದನ್ನು ಹೊರಡಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಲೆನ್ ಮತ್ತೆ ಬಂದದ್ದು ಆ ದಿನಗಳಲ್ಲಿ. ಹೊಸ ಕೋಟು ಹಾಕಿದ್ದ, ಕೂದಲು ನರೆತಿತ್ತು. ಈಗ ಅವನು ಆಮದುದಾರ. ನೆರೆಯ ದೇಶಗಳೊಂದಿಗೆ ಬೇಲಿ ಇಟ್ಟುಕೊಂಡು ಈ ದೇಶ ಬದುಕಲಾರದು, ಇವತ್ತೇ ಸೇರಬೇಕು ಎಂದು ಅಷ್ಟೇ ಆವೇಶದಿಂದ ಹೇಳಿಕೆ ಕೊಟ್ಟ. ನಾನು ಬರೆದುಕೊಂಡೆ. ಟೀ ಬಿಡುವಿನಲ್ಲಿ ಹತ್ತಿರ ಬಂದ.

"ಸುಧಾಕರ್ ಹೇಗಿದ್ದಾನೆ?"

"ಅಲ್ಲೇ ಇದ್ದಾರೆ. ನಿಮ್ಮ ಮೆಷಿನ್ ಜೊತೆ."

"ಗೊತ್ತು. ನನ್ನ ಸಾಕ್ಸ್ ಈಗ ಅಲ್ಲೇ ಹೆಣೆಸೋದು." ಕಪ್ಪಿನೊಳಗೆ ನೋಡುತ್ತ ನಿಂತ. "ಆವತ್ತು ಎಲ್ಲರ ಮುಂದೆ ನಿನ್ನ ಕಡೆ ಕೈ ತೋರಿಸಬಾರದಿತ್ತು. ಆದರೆ ನೋಡು, ಆವತ್ತು ಹೇಳಿದ್ದೂ ನಿಜ. ಇವತ್ತು ಹೇಳಿದ್ದೂ ನಿಜ."

ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಷ್ಟು ವರ್ಷ ಆ ಕುರ್ಚಿಯಲ್ಲಿ ಕೂತವರನ್ನು ನೋಡಿ ನನಗೆ ಅರ್ಥವಾದದ್ದೂ ಅಷ್ಟೇ. ಸಮಿತಿಯ ಮುಂದೆ ಸುಳ್ಳು ಹೇಳಿದವರು ಕಡಿಮೆ. ಪ್ರತಿಯೊಬ್ಬರೂ ಆವತ್ತು ತಾವು ನಿಂತ ಜಾಗದಿಂದ ಏನು ಕಾಣುತ್ತದೋ ಅದನ್ನು ಹೇಳಿ ಹೋಗುತ್ತಿದ್ದರು. ನಿಂತ ಜಾಗವೇ ಜಾರಿದರೆ ಪಾಪ ಅವರೇನು ಮಾಡಿಯಾರು?

ಆಮೇಲೆ ಏಷ್ಯಾದ ನಾಣ್ಯಗಳು ಒಂದರ ಹಿಂದೊಂದು ಕುಸಿದವು. ಬಾಂಡುಂಗ್‌ನ ಮಿಲ್ಲಿಗೆ ನೂಲು ಕೊಳ್ಳಲೂ ಆಗದ ಸ್ಥಿತಿ ಬಂತು. ಸುಧಾಕರ ಫೋನಿನಲ್ಲಿ, "ಇಲ್ಲಿಯವರನ್ನು ಹೀಗೆ ಬಿಟ್ಟು ಬರ್ಲಿಕ್ಕೆ ಮನಸ್ಸಾಗುದಿಲ್ಲ, ಸ್ವಲ್ಪ ನೋಡ್ತೇನೆ" ಎಂದರು. ನೋಡುತ್ತಿದ್ದ ಹಾಗೆಯೇ ಜಕಾರ್ತಾದಲ್ಲಿ ಗಲಭೆ ಎದ್ದಿತು. ಟಿವಿಯಲ್ಲಿ ಉರಿಯುವ ಅಂಗಡಿಗಳು. ಬಾಂಡುಂಗ್ ಅಲ್ಲಿಂದ ದೂರ ಎಂದು ನನಗೆ ನಾನೇ ಹೇಳಿಕೊಂಡೆ. ಮಿಲ್ಲಿನ ಗೆಸ್ಟ್ ಹೌಸ್ ನಂಬರಿಗೆ ಎಷ್ಟು ಸಲ ಮಾಡಿದರೂ ಯಾರೂ ಎತ್ತಲಿಲ್ಲ.

ಹಾಗಿರುವಾಗಲೇ ಒಂದು ಹಿಯರಿಂಗ್. ರಜೆ ಹಾಕಬೇಕಿತ್ತು. ಮನೆಯಲ್ಲಿ ಕೂತರೆ ಫೋನನ್ನೇ ನೋಡುತ್ತ ಹುಚ್ಚು ಹಿಡಿಯುತ್ತದೆಂದು ಹೋದೆ. ನಡುವೆ ಸಮಿತಿಯ ಸದಸ್ಯರೊಬ್ಬರು ಕುರ್ಚಿಗೆ ಒರಗಿ, "ಒಟ್ಟಿನಲ್ಲಿ ನಾವು ಬಚಾವಾದೆವು. ಸೇರಿದ್ದರೆ ನಮ್ಮ ಮನೆಗೂ ಬೆಂಕಿ ಬೀಳುತ್ತಿತ್ತು" ಎಂದರು. ಕೋಣೆಯಲ್ಲಿ ನಗು ಹರಡಿತು.

ನಾನು ಪೆನ್ನು ಕೆಳಗಿಟ್ಟು ಎದ್ದು ಹೊರಗೆ ಹೋದೆ. ಅಷ್ಟು ವರ್ಷಗಳಲ್ಲಿ ನಡುವೆ ಎದ್ದು ಹೋದದ್ದು ಅದೇ ಮೊದಲು. ಗ್ರೇಹಾಮ್ ಹಿಂದೆಯೇ ಬಂದ.

"ಸುಧಾಕರ್?"

"ಫೋನ್ ಸಿಗ್ತಾ ಇಲ್ಲ. ಎಲ್ಲಿದ್ದಾರೋ ಗೊತ್ತಿಲ್ಲ."

ನನಗೆ ಸಮಾಧಾನ ಹೇಳುವ ಗೋಜಿಗೆ ಆತ ಹೋಗಲಿಲ್ಲ. ತಿರುಗಿ ಒಳಗೆ ಹೋಗಿ ನನ್ನ ಕುರ್ಚಿಯಲ್ಲಿ ಕೂತು, ಆ ದಿನದ ಉಳಿದ ಟಿಪ್ಪಣಿಯನ್ನೆಲ್ಲ ತಾನೇ ಬರೆದ. ಮುಗಿದ ಮೇಲೆ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಫೋನಿಗೆ ಕೂತ. ಹತ್ತು ವರ್ಷದ ನಿಯೋಗಗಳು, ಔತಣಗಳು, ಹಜಾರದ ಸೋಫಾಗಳಲ್ಲಿ ಪರಿಚಯವಾದವರನ್ನೆಲ್ಲ ಒಬ್ಬೊಬ್ಬರಾಗಿ ಹುಡುಕಿ ಮಾತಾಡಿಸಿದ. ಕೊನೆಗೆ ಸಿಕ್ಕವರು ಸಂತೋಸೊ.

ಮರುದಿನ ಮಧ್ಯಾಹ್ನ ಅವರೇ ನನ್ನ ಮೇಜಿಗೆ ಫೋನ್ ಮಾಡಿದರು. "ಮೇಡಂ, ನಿಮ್ಮ ಯಜಮಾನರು ಕ್ಷೇಮ. ನನ್ನ ತಮ್ಮ ಹೋಗಿ ನೋಡಿಕೊಂಡು ಬಂದ. ಅವರನ್ನು ಮಿಲ್ಲಿನ ಫೋರ್‌ಮನ್ ಹೆರ್ಮನ್ ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದಾನೆ. ಗಲಭೆ ತಣ್ಣಗಾಗುವವರೆಗೆ ಹೊರಗೆ ಬಿಡುವುದಿಲ್ಲವಂತೆ." ನಾನು ಥ್ಯಾಂಕ್ಯೂ ಎಂದೆನೋ ಇಲ್ಲವೋ ನೆನಪಿಲ್ಲ. ಟೈಪಿಸ್ಟ್ ಹೆಂಗಸರು ಓಡಿ ಬಂದು ಸುತ್ತ ನಿಂತದ್ದು ಮಾತ್ರ ನೆನಪಿದೆ.

ಗಲಭೆ ತಣ್ಣಗಾದ ಮೇಲೆ ಸುಧಾಕರ ವಾಪಸು ಬಂದರು. ಎಪ್ಪಿಂಗ್‌ನ ಸೋಫಾದ ಮೇಲೆ ಒಂದು ವಾರ ನಿದ್ದೆ ಮಾಡಿದರು. ಮುಂದೆ ಇಲ್ಲಿನ ತಾಂತ್ರಿಕ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಇನ್ನು ಕೊನೆಯ ಸಮಿತಿ "ಸದ್ಯಕ್ಕೆ ಕಾಲ ಪಕ್ವವಾಗಿಲ್ಲ" ಎಂದು ಬರೆದು ಮುಗಿಸಿತು. ಗ್ರೇಹಾಮ್ ನಿವೃತ್ತನಾದ. ಬೀಳ್ಕೊಡುಗೆಯಲ್ಲಿ ಕೇಕಿನ ಮುಂದೆ ಆತನಿಗೆ ಭಾಷಣ ಮಾಡಲು ಹೇಳಿದರು. "ಬಂದವರೆಲ್ಲ ಹೇಳಿದ್ದನ್ನು ಕೇಳಿಸಿಕೊಂಡೆವು. ಥ್ಯಾಂಕ್ಯೂ" ಎಂದಷ್ಟೇ ಹೇಳಿ ಚಾಕು ನನ್ನ ಕೈಗೆ ಕೊಟ್ಟ. ಆತನ ಜೀವಮಾನದ ನಂಬಿಕೆ ಎರಡು ಸಾಲಿನ ತೀರ್ಮಾನದಲ್ಲಿ ಮುಗಿದಿತ್ತು. ಬೇಸರವಾಯಿತೇ ಎಂದು ಕೇಳಲು ನನ್ನಿಂದಾಗಲಿಲ್ಲ. ಆತನ ಮುಖ ನೋಡಿದರೆ ಸಾಕಿತ್ತು.

ಮರುವರ್ಷ ಒಂದು ಭಾನುವಾರ ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದೆ. ಫೋನ್ ಬಂತು. ಸುಧಾಕರ ಎತ್ತಿದವರು ಗಟ್ಟಿ ದನಿಯಲ್ಲಿ ನನಗೆ ತಿಳಿಯದ ಭಾಷೆಯಲ್ಲಿ ಶುರುಮಾಡಿದರು. ಹೆರ್ಮನ್ ಫೋನ್ ಮಾಡಿದ್ದು. ಮಿಲ್ಲು ಮತ್ತೆ ಶುರುವಾಗಿತ್ತು, ಲೆನ್‌ನಿಂದ ಕೊಂಡ ಒಂದು ಮೆಷಿನ್ ಸೂಜಿ ಸಿಕ್ಕಿಕೊಂಡು ನಿಂತಿತ್ತು. ಇವರು ನಿಂತಲ್ಲೇ ಗಾಳಿಯಲ್ಲಿ ಕೈಯಾಡಿಸಿ ಸ್ಕ್ರೂ ತಿರುಗಿಸುತ್ತ ಹೇಳಿಕೊಟ್ಟರು. ನಡುನಡುವೆ ನಗು, ಉಡುಪಿಯ ರಾಗ. ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ಅವರು ಆ ಭಾಷೆ ಅಷ್ಟು ಸಲೀಸಾಗಿ ಆಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಸ್ಮಿತಾ ರೂಮಿನಿಂದ ಬಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ತಕೊ, ನೀನೂ ಮಾತಾಡು" ಎಂದು ಫೋನ್ ನನ್ನ ಕೈಗಿತ್ತರು. "ಇವರ ಮನೇಲೇ ನಾನಿದ್ದದ್ದು."

ನಾನು ಹಲೋ ಎಂದೆ. ಆ ಕಡೆಯಿಂದ "ಇಬು ವಿಜಯಾ!" ಎಂಬ ದನಿ ಕೇಳಿಸಿತು. ಅಮ್ಮಾ ಎಂದ ಹಾಗೆ ಅದು, ಅವರಲ್ಲಿ ಹೆಂಗಸರನ್ನು ಹಾಗೆ ಕರೆಯುವುದು. ಆಮೇಲೆ ಏನೋ ಕೇಳಿದರು.

"ಏನಂತೆ?" ಎಂದು ಸುಧಾಕರರ ಕಡೆ ನೋಡಿದೆ.

"ಯಾವಾಗ ಬರ್ತೀರಿ ಅಂತ ಕೇಳುದು."

ಒಲೆಯ ಮೇಲೆ ದೋಸೆ ಸೀಯುತ್ತಿತ್ತು. ನನಗೆ ಅವರ ಭಾಷೆ ಬರದು, ಅವರಿಗೆ ನನ್ನದು ಬರದು. ಇಂಗ್ಲಿಷ್ ನೆನಪಿಗೇ ಬರಲಿಲ್ಲ. "ಬರ್ತೀವಿ, ಎಲ್ಲರೂ ಬರ್ತೀವಿ" ಎಂದು ಕನ್ನಡದಲ್ಲೇ ಹೇಳಿಬಿಟ್ಟೆ.

ಡಿಸೆಂಬರ್ ರಜೆಯಲ್ಲಿ ಮೂವರೂ ಹೋದೆವು.